ತುಂಡುಗೆರೆಯ ಮೇಲೆ ನಡೆದ ಕಿಮೋಯ್

ಕೆರಿಯೊ ಕಣಿವೆಯಲ್ಲಿ ಬೆಳಗು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ತುಗೆನ್ ಗುಡ್ಡಗಳ ಹಿಂದಿನಿಂದ ಏಳುವ ಸೂರ್ಯ ಮೊದಲು ಎದುರಿನ ಕಡಿದಾದ ಬಂಡೆಗೋಡೆಯ ನೆತ್ತಿಯನ್ನು ಮುಟ್ಟುತ್ತಾನೆ. ಆ ಬಿಸಿಲು ಒಂದೊಂದೇ ಹಂತ ಇಳಿದು ಕೆಳಗಿನ ಹೊಲಗಳಿಗೆ ಬರುವಷ್ಟರಲ್ಲಿ ಆಡುಗಳು ಮೇಯಲು ಹೊರಟಿರುತ್ತವೆ. ಕಿಮೋಯ್ ಅವರಿಗೆ ಅಷ್ಟು ಹೊತ್ತು ಕಾಯುವ ವ್ಯವಧಾನವಿಲ್ಲ. ಇನ್ನೂ ನೆರಳು ಕವಿದಿರುವ ಇಳಿಜಾರಿನಲ್ಲಿ, ಚಪ್ಪಟೆ ಕಲ್ಲೊಂದರ ಮೇಲೆ ಹಳೆಯ ನಕ್ಷೆ ಹಾಸಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟು, ಅದರ ಮೇಲೆ ಬಾಗಿ ಕುಳಿತಿದ್ದಾರೆ.

ಹಿಂದೆ, ಸೊಸೆಯ ಜೊತೆ, ಕೋಲೂರಿ ನಿಂತಿರುವುದು ತಪ್ಸುಬೇಯ್ ಅಜ್ಜಿ. ಮದುವೆಯಾಗಿ ಕಾಲಿಟ್ಟ ಮೊದಲ ಮನೆ ಎಲ್ಲಿತ್ತೆಂದು ನೋಡಬೇಕೆಂಬುದು ಅವರ ಆಸೆ. ದನ ದೋಚುವವರ ದಾಳಿಯ ವರ್ಷಗಳಲ್ಲಿ ಊರಿಗೆ ಊರೇ ಗುಡ್ಡ ಹತ್ತಿ ಓಡಿದಾಗ ಬಿಟ್ಟ ಮನೆ ಅದು. ಆಮೇಲೆ ಆ ಜಾಗವನ್ನೆಲ್ಲ ಮುಳ್ಳುಕಂಟಿ ನುಂಗಿದೆ.

"ಏನೇ, ಇನ್ನೂ ಎಷ್ಟು ಹೊತ್ತು? ನಾನು ಸತ್ತ ಮೇಲೆ ಹುಡುಕ್ತೀಯಾ?" ಎನ್ನುತ್ತಾರೆ ಅಜ್ಜಿ.

"ಸಾಯೋರು ಈ ಏರು ಹತ್ತಿ ಬರಲ್ಲ ಬಿಡಜ್ಜಿ," ಎನ್ನುತ್ತ ಕಿಮೋಯ್ ಬೆರಳನ್ನು ಕಾಗದದ ಮೇಲೆ ನಡೆಸುತ್ತಾರೆ. "ಇಲ್ಲಿ ತೊರೆ ಕವಲಾಗುತ್ತೆ. ಅಲ್ಲಿಂದ ಬಲಕ್ಕೆ ದಿಬ್ಬ. ದಿಬ್ಬದ ಕೆಳಗೆ ಕಪ್ಪು ಚುಕ್ಕೆಗಳು. ಅವೇ ಮನೆಗಳು. ನಡೀರಿ."

ಮಚ್ಚಿನಿಂದ ಕಂಟಿ ಸವರುತ್ತ ಅವರು ಮುಂದೆ, ಸೊಸೆಯ ಭುಜ ಹಿಡಿದು ಅಜ್ಜಿ ಹಿಂದೆ. ಕಂಟಿಯ ಬುಡದಲ್ಲಿ ಕಲ್ಲುಗಳ ಒಂದು ಬಳೆ, ಹಳೆಯ ಗೋಡೆಯ ಬುಡ, ಕಾಣುತ್ತದೆ. ಬಳೆಯೊಳಗೆ ಬೋರಲು ಬಿದ್ದ ಬೀಸುವ ಕಲ್ಲು. ಸೊಸೆ ಅದನ್ನು ಮಗುಚುತ್ತಾಳೆ. ಅಜ್ಜಿ ಕುಕ್ಕರುಗಾಲಲ್ಲಿ ಕುಳಿತು ಅದರ ಸವೆದ ಗುಳಿಯಲ್ಲಿ ಅಂಗೈ ಇಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ.

"ಇದು ನಮ್ಮತ್ತೇದು. ಎಡಚಿ ಅವಳು. ನೋಡು, ಒಂದೇ ಪಕ್ಕ ಸವೆದಿದೆ."

ಕಿಮೋಯ್ ನಕ್ಷೆ ಮಡಚಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. "ಹುಡುಕಿಕೊಟ್ಟ ಮೇಲೆ ಅಲ್ಲಿ ನಿಲ್ಲಬಾರದು. ಆಮೇಲಿನದು ಅವರವರದ್ದು," ಎಂದು ಆಮೇಲೆ ದಾರಿಯಲ್ಲಿ ಹೇಳುತ್ತಾರೆ.

ಇದು ಅವರ ಶನಿವಾರ. ಉಳಿದ ದಿನ ಈ ಹೊತ್ತಿಗೆ ಅವರು ಹೆಣ್ಣುಮಕ್ಕಳ ಪ್ರೌಢಶಾಲೆಯ ಅಡುಗೆಮನೆಯ ಹೊಗೆಯಲ್ಲಿರುತ್ತಾರೆ. ಮುನ್ನೂರು ಚಿಲ್ಲರೆ ಹುಡುಗಿಯರಿಗೆ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಮೆಕ್ಕೆಜೋಳ ಮತ್ತು ಕಾಳು ಬೇಯಿಸಿದ ಗಿಥೆರಿ, ಸಂಜೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಾದ ಉಗಾಲಿ. ಹಿಟ್ಟು ತೊಳಸುವ ಕೋಲು ಅವರ ಹೆಗಲೆತ್ತರ ಇದೆ. ಐವತ್ತು ದಾಟಿದ ಈ ಹೆಂಗಸಿನ ತೋಳು ನೋಡಿ ಹುಡುಗಿಯರು ಬೆರಗಾಗುತ್ತಾರೆ. ಅವರ ಜೊತೆ ಅಡುಗೆ ಮಾಡುವ ಜೆಮುತಾಯ್‌ಗೆ ಬೆರಗಿಲ್ಲ. "ತೋಳು ಇದ್ದು ಏನು ಬಂತು, ಶನಿವಾರ ಮನೇಲಿ ಕೂತು ಜಡೆ ಹಾಕ್ಕೊಳ್ಳೋಕೆ ಬರಲ್ಲ ಇವಳಿಗೆ. ಕಾಡಲ್ಲಿ ಸತ್ತವರ ಮನೆಬಾಗಿಲು ತಟ್ಟೋಕೆ ಹೋಗ್ತಾಳೆ," ಎಂದು ಕಾಳು ಆರಿಸುತ್ತ ಕುಟುಕುತ್ತಾರೆ.

ಈ ದೇಶದಲ್ಲಿ ಭೂಗೋಳ ಓದಿದವರೆಲ್ಲ ಕೊನೆಯ ಪರೀಕ್ಷೆಯಲ್ಲಿ ನಕ್ಷೆಯ ತುಣುಕೊಂದರ ಮುಂದೆ ಬೆವರಿದವರೇ. ಕಿಮೋಯ್ ಅವರಿಗೆ ಆ ಭಾಗ್ಯ ಬರಲಿಲ್ಲ. ಸಮೋನ್ನತಿ ರೇಖೆಗಳ ಪಾಠ ಅರ್ಧವಾಗಿತ್ತು, ಅಷ್ಟರಲ್ಲಿ ದಾಳಿಗಳು ಶುರುವಾಗಿ ಶಾಲೆ ಮುಚ್ಚಿತು. ಕರಿಹಲಗೆಯ ಮೇಲೆ ಮೇಷ್ಟ್ರು ಬರೆದಿದ್ದ ಗುಡ್ಡಕ್ಕೆ ಒಳಗಿನ ಎರಡು ಬಳೆ ಬರೆಯುವುದು ಬಾಕಿ ಇತ್ತಂತೆ. ಮರುದಿನ ಅವರು ಬರಲಿಲ್ಲ, ಮಕ್ಕಳೂ ಬರಲಿಲ್ಲ. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಕಿಮೋಯ್ ಮದುವೆಯಾಗಿ ಕಪ್ಟೊರೊಯ್ ಕುಲದ ಸೊಸೆಯಾಗಿದ್ದರು.

ನಕ್ಷೆ ಕೈಗೆ ಬಂದದ್ದು ಒಲೆ ಹೊತ್ತಿಸಲೆಂದು. ಶಾಲೆಯ ಉಗ್ರಾಣ ಗುಡಿಸಿದ ದಿನ ಹಳೆಯ ಹಾಳೆಗಳ ಒಂದು ಸುರುಳಿಯನ್ನು ಯಾರೋ ಅಡುಗೆಮನೆಗೆ ತಂದು ಹಾಕಿದ್ದರು. ಕಡ್ಡಿ ಗೀರಿ ಮೊದಲ ಹಾಳೆಯ ಅಂಚಿಗೆ ಹಿಡಿದಾಗ ಅದರ ಮೇಲೆ ಗಂಡನ ಊರಿನ ಹೆಸರು ಕಂಡಿತು. ಹೆಸರಿನ ಸುತ್ತ ಮನೆಗಳ ಕಪ್ಪು ಚುಕ್ಕೆಗಳು. ಆ ಊರು ಖಾಲಿಯಾಗಿ ವರ್ಷಗಳಾಗಿತ್ತು. ಕಾಗದದ ಮೇಲೆ ಮಾತ್ರ ಯಾರೂ ಎಲ್ಲಿಗೂ ಓಡಿಹೋಗಿರಲಿಲ್ಲ. ಕಿಮೋಯ್ ಬೆಂಕಿಯನ್ನು ಅಂಗೈಯಲ್ಲಿ ಒರೆಸಿ ಆರಿಸಿದರು. ಆ ಮೂಲೆ ಈಗಲೂ ಕರಕಲಾಗಿದೆ.

ಸ್ವಾತಂತ್ರ್ಯ ಬಂದ ಕೆಲವು ವರ್ಷಗಳಿಗೆ ವಿಮಾನದಿಂದ ಫೋಟೊ ತೆಗೆದು ಬರೆದ ಸ್ಥಳವರ್ಣನಾ ನಕ್ಷೆ ಅದು. ಗುಡ್ಡದ ಎತ್ತರ ತೋರಿಸುವ ಕಂದು ಗೆರೆಗಳು, ಹೊಳೆಗಳ ನೀಲಿ, ಕಾಲುದಾರಿಗಳ ತುಂಡುಗೆರೆಗಳು. ಜನ ಕಣಿವೆಗೆ ಮರಳಿ ಬರತೊಡಗಿದಾಗ ಕಿಮೋಯ್ ಅದನ್ನು ಹಿಡಿದು ನಡೆಯಲು ಶುರು ಮಾಡಿದರು. ಯಾರದೋ ಅಪ್ಪನ ಸಮಾಧಿ, ಯಾವುದೋ ಮುಚ್ಚಿಹೋದ ಸಂತೆಯ ಮರ, ಉಣ್ಣಿ ಬಿಡಿಸಲು ದನ ಮುಳುಗಿಸುತ್ತಿದ್ದ ಔಷಧದ ತೊಟ್ಟಿ, ಒಂದೊಂದೇ ಸಿಕ್ಕವು. ಎಡವಿದ್ದೂ ಇದೆ. "ಮೊದಮೊದಲು ಒಂದು ದನದ ಕೊಟ್ಟಿಗೇನ ಹಳೇ ಚರ್ಚು ಅಂತ ತೋರಿಸಿಬಿಟ್ಟಿದ್ದೆ. ಪಾಪ, ಅಲ್ಲೇ ಮಂಡಿಯೂರಿ ಪ್ರಾರ್ಥನೆನೂ ಮಾಡಿದ್ರು. ಗೊತ್ತಾದ ಮೇಲೂ ನಾನು ಹೇಳಲಿಲ್ಲ. ಪ್ರಾರ್ಥನೆ ಎಲ್ಲಿ ಮಾಡಿದ್ರೇನು?"

ಆದರೆ ಊರು ಕಿಮೋಯ್ ಅವರ ಹೆಸರನ್ನು ಹೇಳುವುದು ಬೀಸುವ ಕಲ್ಲುಗಳಿಗಾಗಿ ಅಲ್ಲ, ನೀರಿಗಾಗಿ.

ಈ ಕಣಿವೆಯ ಮರಕ್ವೆಟ್ ಜನರ ನಾಡಿನಲ್ಲಿ ಹೊಲವೆಂದರೆ ಕಾಲುವೆ. ಬಂಡೆಗೋಡೆಯ ನಡುವೆ ಧುಮುಕುವ ಹೊಳೆಯನ್ನು ಮೇಲೆಯೇ ತಡೆದು, ಗುಡ್ಡದ ಪಕ್ಕೆಯಲ್ಲಿ ಕಲ್ಲು, ಮರ, ಹುಲ್ಲಿನಿಂದ ಕಟ್ಟಿದ ಕಾಲುವೆಗಳಲ್ಲಿ ಕೆಳಗಿನ ರಾಗಿ, ಜೋಳಕ್ಕೆ ತರುತ್ತಾರೆ. ಒಂದೊಂದು ಕಾಲುವೆ ಒಂದೊಂದು ಕುಲದ್ದು. ಕಾಲುವೆ ಎಲ್ಲಿ ಹಾದಿತ್ತೆಂದು ತೋರಿಸಬಲ್ಲವರಿಗೆ ಮಾತ್ರ ಹೊಳೆಯಲ್ಲಿ ಪಾಲು. ಕಪ್ಟೊರೊಯ್ ಕುಲದ ಕಾಲುವೆ ಸ್ವಾತಂತ್ರ್ಯಕ್ಕೆ ಮುಂಚಿನ ದೊಡ್ಡ ಮಳೆಯಲ್ಲಿ ಗುಡ್ಡ ಜರಿದು ಸತ್ತುಹೋಗಿತ್ತು. ಅದನ್ನು ಕಂಡಿದ್ದ ಗಂಡಸರೂ ಒಬ್ಬೊಬ್ಬರಾಗಿ ಹೋದರು. ಆಗಿನಿಂದ ಕುಲ ಬದುಕಿದ್ದು ಎರವಲು ನೀರಿನಲ್ಲಿ. ಹೊಳೆಯ ಆಚೆ ದಂಡೆಯ ಕುಲದವರು ತಮ್ಮ ಸರದಿ ಮುಗಿದ ಮೇಲೆ ಬಿಟ್ಟುಕೊಟ್ಟಷ್ಟು ನೀರು.

"ಬೇಡಿದ ನೀರಲ್ಲಿ ಬೆಳೆದ ರಾಗಿಗೆ ರುಚಿ ಇರುತ್ತೆ. ಆದ್ರೆ ನೆಂಟರು ಬಂದಾಗ ಇದು ನಮ್ಮ ಹೊಲದ್ದು ಅನ್ನೋಕೆ ನಾಲಿಗೆ ಹೊರಳಲ್ಲ," ಎನ್ನುತ್ತಾರೆ ಕುಲದ ಹಿರಿಯ ಕಿಸಾಂಗ್. ಅಪ್ಪ ಅಗೆಯುವ ಕೋಲು ಹೆಗಲಿಗಿಟ್ಟು ಬಂಡೆಯ ಕಡೆ ಹೋಗುತ್ತಿದ್ದದ್ದು ಅವರಿಗೆ ನೆನಪಿದೆ. ಯಾವ ಕಡೆಗೆ ಎಂಬುದು ನೆನಪಿಲ್ಲ. ಚಿಕ್ಕ ಮಕ್ಕಳನ್ನು ಆಗ ಮೇಲಕ್ಕೆ ಕರೆದೊಯ್ಯುತ್ತಿರಲಿಲ್ಲ.

ಹೆಂಗಸರನ್ನಂತೂ ಯಾವತ್ತೂ ಒಯ್ಯುವುದಿಲ್ಲ. ಹೊಲದ ಅಂಚಿಗೆ ಬಂದ ನೀರು ಹೆಂಗಸರದ್ದು. ಮೇಲೆ, ಬಂಡೆಯ ಪಕ್ಕೆಯಲ್ಲಿ, ಕಾಲುವೆಯ ಪಾತ್ರಕ್ಕಾಗಲಿ ಏರಿಗಾಗಲಿ ಅವರು ಕಾಲಿಡುವಂತಿಲ್ಲ. ಇಟ್ಟರೆ ನೀರು ಮುನಿಯುತ್ತದೆ ಎಂಬುದು ಇಲ್ಲಿನ ನಂಬಿಕೆ. ಕಿಮೋಯ್ ಅವರೂ ಅದನ್ನು ನಂಬಿಯೇ ಬೆಳೆದವರು.

ಹಾಗಿದ್ದೂ ಅವರು ನಡೆದರು. ನಕ್ಷೆಯಲ್ಲಿದ್ದದ್ದು ಕಾಲುವೆಯ ಗೆರೆಯಲ್ಲ, ದಾರಿಯ ತುಂಡುಗೆರೆ. ಹೊಳೆಯ ಕೊರಕಲ ಬಳಿ ಹುಟ್ಟಿ ಹಳೆಯ ಊರಿನ ನೆತ್ತಿಯ ಮೇಲೆ ಮುಗಿಯುವ ಒಂದು ಕಾಲುದಾರಿ. ಅತ್ತೆಯ ಕಾಲದ ಸೌದೆ ದಾರಿ ಇರಬೇಕೆಂದುಕೊಂಡು ಅವರು ರಜೆ ಬಂದಾಗಲೆಲ್ಲ ಒಂದಿಷ್ಟು ಕಂಟಿ ಕಡಿದು ಮುಂದೆ ಹೋದರು. ಹೋದಷ್ಟೂ ಒಂದು ವಿಷಯ ಮನಸ್ಸಿಗೆ ಮುಳ್ಳಿನಂತೆ ಚುಚ್ಚತೊಡಗಿತು.

"ಆ ದಾರಿ ಕಂದು ಗೆರೆಗಳನ್ನ ದಾಟೋದೇ ಇಲ್ಲ. ಹಳ್ಳ ಬಂದ್ರೆ ಒಳಕ್ಕೆ ಸುತ್ತುತ್ತೆ, ದಿಬ್ಬ ಬಂದ್ರೆ ಹೊರಕ್ಕೆ ಸುತ್ತುತ್ತೆ. ಇಳೀತಿದೆ ಅಂತ ಕಾಲಿಗೂ ಗೊತ್ತಾಗಲ್ಲ. ಬೆನ್ನ ಮೇಲೆ ಸೌದೆ ಹೊತ್ತೋಳು ಹಂಗೆ ಸುತ್ತುತ್ತಾಳಾ? ನೆಟ್ಟಗೆ ಇಳೀತಾಳೆ, ಮನೇಲಿ ಮಗು ಅಳ್ತಿರುತ್ತೆ. ಅಷ್ಟು ತಾಳ್ಮೆ ಯಾವ ಹೆಂಗಸಿಗೂ ಇಲ್ಲ ಅನ್ಕೊಂಡೆ. ಆಡಿಗೂ ಇಲ್ಲ. ಹಂಗಾದ್ರೆ ಯಾರು ನಡೆದಿದ್ದು ಇಲ್ಲಿ?"

ಉತ್ತರ ಸಿಕ್ಕಿದ್ದು ಬಂಡೆಯ ಉಬ್ಬನ್ನು ದಾಟಿದ ಮೇಲೆ. ಅಲ್ಲಿ ಕಣಿವೆಯ ಕಡೆಯಿಂದ ಕಲ್ಲು ಪೇರಿಸಿ ಕಟ್ಟಿದ ಕಿರಿದಾದ ಜಗಲಿ. ಮೇಲಿನ ಮಣ್ಣು ಕೆದಕಿದರೆ ನಯವಾದ ಮರಳು. ಗಾಳಿ ತಂದ ಮರಳಲ್ಲ, ಹೊಳೆಯ ಮರಳು. ಕಿಮೋಯ್ ಅದನ್ನು ಬೆರಳಲ್ಲಿ ಉಜ್ಜಿದರು, ಬಾಯಲ್ಲಿಟ್ಟು ನೋಡಿದರು. ತಾವು ನಿಂತದ್ದು ದಾರಿಯ ಮೇಲಲ್ಲ, ಕಪ್ಟೊರೊಯ್ ಕುಲದ ಸತ್ತ ಕಾಲುವೆಯ ಪಾತ್ರದಲ್ಲಿ.

"ಕಾಲು ತೆಗೀಬೇಕು ಅನ್ನಿಸ್ತು. ತೆಗೆದು ಎಲ್ಲಿಡ್ಲಿ? ಮೇಲೆ ಬಂಡೆ, ಕೆಳಗೆ ಕೊರಕಲು. ವಾಪಸ್ ಬರೋದಕ್ಕೂ ಅದೇ ದಾರಿ. ಗೊತ್ತಿಲ್ದೆ ತುಳಿದಿದ್ದನ್ನ ಗೊತ್ತಿದ್ದೂ ತುಳ್ಕೊಂಡು ಬಂದೆ."

ಯಾರಿಗೂ ಹೇಳಲಿಲ್ಲ. ಒಂದು ಬಿತ್ತನೆ, ಒಂದು ಕುಯ್ಲು ಆ ಮಾತು ಅವರೊಳಗೇ ಇತ್ತು. ಆ ತಿಂಗಳುಗಳಲ್ಲಿ ಅವರು ಉಗಾಲಿ ತೊಳಸುವಾಗ ಹಾಡುತ್ತಿರಲಿಲ್ಲ ಎಂದು ಜೆಮುತಾಯ್ ನೆನೆಸಿಕೊಳ್ಳುತ್ತಾರೆ. "ಗಂಡನ ಜೊತೆ ಜಗಳ ಇರ್ಬೇಕು ಅನ್ಕೊಂಡಿದ್ದೆ. ಕೇಳಲಿಲ್ಲ."

ಮಾತು ಹೊರಗೆ ಬರಲೇಬೇಕಾದ ದಿನ ಬಂತು. ಹೊಳೆ ಬಡವಾಗುತ್ತಿದೆ, ಮುಂದಿನ ಬಿತ್ತನೆಯಿಂದ ಎರವಲು ನೀರಿಲ್ಲ ಎಂದು ಆಚೆ ದಂಡೆಯವರು ಹೇಳಿ ಕಳಿಸಿದರು. ನಮ್ಮ ಹಳೆಯ ಕಾಲುವೆಯನ್ನೇ ಮತ್ತೆ ತೆರೆಯುತ್ತೇವೆ ಎಂದರು ಕಪ್ಟೊರೊಯ್ ಹಿರಿಯರು. ತೆರೆಯಿರಿ, ಮೊದಲು ಎಲ್ಲಿದೆ ತೋರಿಸಿ ಎಂಬ ಉತ್ತರ ಬಂತು. ತೋರಿಸಲಾಗದಿದ್ದರೆ ಹೊಲ ಬಿಟ್ಟು ಮತ್ತೆ ಗುಡ್ಡ ಹತ್ತುವುದೇ ಗತಿ.

ಕಿಮೋಯ್ ಮೊದಲು ಗಂಡನಿಗೆ ಹೇಳಿದರು. ಯಾನೊ ಅವರ ಮಂಡಿ ನೋವಿನದ್ದು, ಮಾತು ಕಡಿಮೆ. ಆಗ ಮರದ ಬುಡದಲ್ಲಿ ಕುಳಿತು ಜೇನಿನ ಮರದ ಪೆಟ್ಟಿಗೆಯನ್ನು ಕೆರೆಯುತ್ತಿದ್ದರು.

"ಎಲ್ಲೀವರೆಗೂ ಹೋಗಿದ್ದೆ?"

"ಬಂಡೆವರೆಗೂ."

"ದಾಟಿದ್ಯಾ?"

"ದಾಟಿದೆ."

ಯಾನೊ ಸ್ವಲ್ಪ ಹೊತ್ತು ಪೆಟ್ಟಿಗೆ ಕೆರೆದರು. ಆಮೇಲೆ, "ಹಂಗಾದ್ರೆ ಯಾವ ಆಡು ಕೊಡೋದು ಅಂತ ಈಗ್ಲೇ ನೋಡ್ಕೊ. ಆ ಬಿಳೀದು ಮಾತ್ರ ಬೇಡ, ನಂಗಿಷ್ಟ ಅದು," ಎಂದರು. ತಪ್ಪು ಮಾಡಿದವರು ಸಭೆಗೆ ಒಂದು ಆಡು ಕೊಟ್ಟು ಶುದ್ಧಿ ಮಾಡಿಸಿಕೊಳ್ಳಬೇಕು. ಗಂಡ ನಕ್ಷೆಯನ್ನು ತಾವೇ ಕಿಸಾಂಗ್ ಅಜ್ಜನ ಮನೆಗೆ ಒಯ್ದು ಕೊಟ್ಟು ಬಂದರು. ಈ ತುಂಡುಗೆರೆಯೇ ನಮ್ಮ ಕಾಲುವೆ, ಮೇಲೆ ಹೋಗಿ ನೋಡಿ ಎಂದಷ್ಟೇ ಹೇಳಿದರಂತೆ. ಹೆಂಡತಿ ಅಲ್ಲಿ ನಿಂತದ್ದನ್ನು ಹೇಳಲಿಲ್ಲ. ಅದು ಅವಳೇ ಹೇಳಬೇಕಾದ ಮಾತು ಎಂಬುದು ಅವರ ಎಣಿಕೆ. ಆದರೆ ಆಚೆ ದಂಡೆಯವರ ಒಪ್ಪಿಗೆ ಇಲ್ಲದೆ ಹೊಳೆಯ ಕೊರಕಲಿಗೆ ಕಾಲಿಡುವಂತಿಲ್ಲ ಎಂದರು ಕಿಸಾಂಗ್. ಎಲ್ಲ ಸಭೆಯಲ್ಲೇ ಆಗಬೇಕು.

ಸಭೆ ಸೇರಿದ್ದು ಹುಣಸೆ ಮರದ ಕೆಳಗಿನ ಕಲ್ಲುಗಳ ಮೇಲೆ. ಎರಡೂ ಕುಲದ ಗಂಡಸರು ಎದುರುಬದುರು. ಹೆಂಗಸರು ದೂರದಲ್ಲಿ, ಮಾತು ಕೇಳಿಸುವಷ್ಟು ದೂರದಲ್ಲಿ. ಆಚೆ ದಂಡೆಯ ಹಿರಿಯ ಚೆಲಾಂಗ ನಕ್ಷೆಯನ್ನು ಮೊಣಕಾಲ ಮೇಲೆ ಹರಡಿಕೊಂಡರು. ಕಣಿವೆಯ ಕಾಲುವೆಗಳಲ್ಲೇ ಬೆನ್ನು ಬಗ್ಗಿದ ಮನುಷ್ಯ ಅವರು, ನಾಲಿಗೆ ಮಾತ್ರ ಬಗ್ಗಿಲ್ಲ.

"ಕಿಸಾಂಗ್, ನಿನ್ನ ಕಾಗದ ಚೆನ್ನಾಗಿದೆ. ನಮ್ಮ ಕಾಲುವೆ ನೋಡು, ನೀಲಿ. ನಿಂದು ಅಂತೀಯಲ್ಲ, ಇದು ತುಂಡುತುಂಡು. ಕೆಳಗೆ ಏನಂತ ಬರ್ದಿದ್ದಾರೆ? ಕಾಲುದಾರಿ. ನೀನೇ ತಂದ ಸಾಕ್ಷಿ ನಿನ್ನ ವಿರುದ್ಧ ಹೇಳ್ತಿದೆಯಲ್ಲಪ್ಪ. ಹೆಂಗಸರ ಸೌದೆ ದಾರೀಲಿ ನೀರು ಹರಿಸ್ತೀಯಾ?"

ಆ ಕಡೆಯವರು ನಕ್ಕರು. ಈ ಕಡೆ ಯಾರೂ ನಗಲಿಲ್ಲ. ಕಿಸಾಂಗ್ ನೆಲ ನೋಡಿದರು. ಆಗ ಯಾನೊ ಕೋಲೂರಿ ಎದ್ದು ನಿಂತರು. "ಆ ಗೆರೆ ಮೇಲೆ ನಡೆದಿರೋಳು ನನ್ನ ಹೆಂಡತಿ ಒಬ್ಬಳೇ. ಅವಳನ್ನೇ ಕೇಳಿ."

ಕಿಮೋಯ್ ಹತ್ತಿರ ಬಂದರು. ಚೆಲಾಂಗ ತಲೆ ಎತ್ತದೆ ಕೇಳಿದರು: "ಹೇಳಮ್ಮ. ನೀನು ನಡೆದಿದ್ದು ದಾರಿಯೋ, ಕಾಲುವೆಯೋ?"

ದಾರಿ ಎಂದರೆ ಅವರ ಮೇಲೆ ಯಾವ ಮಾತೂ ಇಲ್ಲ. ಸೌದೆಗೆ ಹೋದ ಹೆಂಗಸು, ಅಷ್ಟೇ. ಕಾಲುವೆ ಎಂದರೆ, ಹೆಂಗಸು ಮೆಟ್ಟಬಾರದ ಜಾಗವನ್ನು ತಾನು ಈ ತುದಿಯಿಂದ ಬಂಡೆಯ ಆಚೆಯವರೆಗೆ ಮೆಟ್ಟಿದ್ದೇನೆಂದು ಎರಡು ಕುಲಗಳ ಮುಂದೆ ಒಪ್ಪಿದಂತೆ. ಮುಂದೆ ಏರಿ ಒಡೆದರೂ, ಹೊಳೆ ಬತ್ತಿದರೂ ಊರ ಬೆರಳು ಮೊದಲು ಅವರ ಕಡೆಗೇ. ಮರದ ಮೇಲೆ ಹಕ್ಕಿಗಳಿದ್ದವಂತೆ. ಅವುಗಳ ಸದ್ದು ಮಾತ್ರ ತಮಗೆ ಚೆನ್ನಾಗಿ ನೆನಪಿದೆ ಎನ್ನುತ್ತಾರೆ ಕಿಮೋಯ್.

"ಕಾಲುವೆ," ಎಂದರು ಅವರು. "ದಾರಿ ಅನ್ಕೊಂಡು ಹೋದೆ. ಬಂಡೆ ಹತ್ರ ಹೋದಾಗ ಗೊತ್ತಾಯ್ತು, ಕಾಲುವೆ ಅಂತ."

ಆಮೇಲೆ ಚೆಲಾಂಗ ನಕ್ಷೆಯನ್ನು ಮಡಚಿದರು. ಅದರ ಹಳೆಯ ಮಡಿಕೆಗಳು ಹೇಗಿದ್ದವೋ ಹಾಗೆಯೇ, ಮೆಲ್ಲಗೆ. ತಮ್ಮ ಕಡೆಯವರತ್ತ ತಿರುಗಿ ಹೇಳಿದರು: "ಸುಳ್ಳು ಹೇಳೋಳಾಗಿದ್ರೆ ದಾರಿ ಅಂತಿದ್ಲು. ಇಂಥ ಮಾತನ್ನ ತನ್ನ ತಲೆ ಮೇಲೆ ತಾನೇ ಎಳ್ಕೊಳ್ಳೋ ಹೆಂಗಸನ್ನ ನಾನು ನೋಡಿಲ್ಲ. ಬೆಳಿಗ್ಗೆ ಮೇಲೆ ಹೋಗಿ ಕಲ್ಲು ನೋಡೋಣ. ಕಲ್ಲಿದ್ರೆ ನೀರು ಅವರದ್ದು."

ಕಲ್ಲುಗಳಿದ್ದವು. ಬಂಡೆಗೆ ಊರಿದ್ದ ಮರದ ತೊಲೆಗಳ ಗುಳಿಗಳೂ ಇದ್ದವು. ಕಪ್ಟೊರೊಯ್ ಗಂಡಸರು ಇಳಿದು ಬರುವಾಗ ಹಾಡುತ್ತಿದ್ದರು. ಮುಂದೆ ಕೋಲು ಹಿಡಿದು ಚೆಲಾಂಗ. ಕಿಮೋಯ್ ಅವರ ಅಂಗಳದಲ್ಲಿ ನಿಂತು ಅವರು ಮೊದಲು ಕೇಳಿದ ಪ್ರಶ್ನೆ: "ಆಡು ಎಲ್ಲಮ್ಮ? ಬಡಕಲು ಕೊಟ್ರೆ ಆಗಲ್ಲ, ದೊಡ್ಡ ತಪ್ಪು ಮಾಡಿದ್ದೀಯ."

"ಕೊಬ್ಬಿರೋದನ್ನೇ ಕಟ್ಟಿದ್ದೀನಿ ಅಜ್ಜ. ನಿಮಗೆ ಹಲ್ಲಿದ್ರೆ ತಿನ್ನಿ," ಎಂದರು ಕಿಮೋಯ್. ಬಿಳಿಯ ಆಡು ಉಳಿಯಿತು.

ಕಾಲುವೆ ಕಟ್ಟಲು ಎರಡು ಬೇಸಿಗೆ ಹಿಡಿಯಿತು. ಜರಿದ ಕಡೆ ಮರದ ತೊಲೆ ನಿಲ್ಲಿಸಿ, ನೀರು ಹಾಯಲು ಕೊರೆದ ದಿಮ್ಮಿಯ ದೋಣಿ ಕೂರಿಸಿದರು, ಸೋರುವ ಕಡೆ ಹುಲ್ಲು ಮಣ್ಣು ತುರುಕಿದರು. ಎಲ್ಲಾದರೂ ಗೆರೆ ತಪ್ಪಿದರೆ ಗಂಡಸರು ಅಡುಗೆಮನೆಯ ಕಿಟಕಿಗೆ ಬಂದು ಕೇಳುತ್ತಿದ್ದರು. ಕಿಮೋಯ್ ಒಂದು ಕೈಯಲ್ಲಿ ಕೋಲು ಆಡಿಸುತ್ತಲೇ, "ದೊಡ್ಡ ಅತ್ತಿಮರ ದಾಟಿ ಒಳಕ್ಕೆ ತಿರುಗಿ, ನೆಟ್ಟಗೆ ಹೋಗ್ಬೇಡಿ, ನೆಟ್ಟಗೆ ಹೋಗೋದು ನಾವು, ನೀರಲ್ಲ," ಎಂದು ಹೇಳಿ ಕಳಿಸುತ್ತಿದ್ದರು. ಸ್ವತಃ ಹೋಗಿ ತೋರಿಸುವಂತಿರಲಿಲ್ಲ. ತಾವೇ ಕಂಟಿ ಕಡಿದು ತೆರೆದ ಆ ದಾರಿ ಅವರಿಗೆ ಮುಚ್ಚಿದ್ದು ಅದು ಕಾಲುವೆ ಎಂದು ಹೇಳಿದ ದಿನವೇ.

ನಕ್ಷೆ ಬರೆದವನ ಮೇಲೆ ಕೋಪವಿದೆಯೇ ಎಂದರೆ ಇಲ್ಲ ಎನ್ನುತ್ತಾರೆ. "ಅವನು ಆಕಾಶದಿಂದ ನೋಡಿದ. ನೀರಿಲ್ಲದ ಕಾಲುವೆ ಮೇಲಿಂದ ದಾರಿ ಹಂಗೇ ಕಾಣುತ್ತೆ. ನಾನು ಅದರ ಮೇಲೆ ನಿಂತೂ ದಾರಿ ಅನ್ಕೊಂಡೆನಲ್ಲ. ಅವನು ದಾರಿ ಅಂತ ಬರ್ದಿದ್ದಕ್ಕೇ ನಾನು ಹೋಗಿದ್ದು. ಕಾಲುವೆ ಅಂತ ಬರ್ದಿದ್ರೆ ಅತ್ತ ತಲೆ ಹಾಕ್ತಿರಲಿಲ್ಲ."

ಕಳೆದ ವರ್ಷ ಕಾಲುವೆಯಲ್ಲಿ ನೀರು ಕೆಳಗಿಳಿದು ಬಂತು. ಕಪ್ಟೊರೊಯ್ ಹೊಲಗಳಲ್ಲಿ ಈಗ ರಾಗಿ ತೆನೆ ಮುಷ್ಟಿ ಕಟ್ಟಿದೆ, ಅಂಚಿನಲ್ಲಿ ಹೆಸರುಕಾಳು. ಬರ ಬಂದ ತಿಂಗಳಲ್ಲಿ ಆಚೆ ದಂಡೆಯವರಿಗೆ ಒಂದು ಸರದಿ ಬಿಟ್ಟುಕೊಟ್ಟದ್ದನ್ನು ಕಿಸಾಂಗ್ ಅಜ್ಜ ಮೂರು ಸಲ ಹೇಳುತ್ತಾರೆ. "ಚೆಲಾಂಗ ಬಂದು ಕೇಳಿದ. ಕೊಟ್ಟೆ. ಎಷ್ಟು ದಿನದ ಆಸೆ ಗೊತ್ತಾ ಅದು, ಕೊಡೋದು!"

ಯಾನೊ ಕುಂಟುತ್ತಲೇ ಎರಡು ಸಲ ಮೇಲೆ ಹೋಗಿ ಬಂದಿದ್ದಾರೆ. ಬಂಡೆಯ ಉಬ್ಬಿನ ಬಳಿ ನೀರು ಹೇಗೆ ತಿರುಗುತ್ತದೆಂದು ಹೆಂಡತಿಗೆ ಕೈಯಲ್ಲಿ ಮಾಡಿ ತೋರಿಸುತ್ತಾರೆ, ಪ್ರತಿ ಸಲವೂ ಬೇರೆ ಬೇರೆ ಥರ. ಕಿಮೋಯ್ ಉಗಾಲಿ ಮುರಿದು ಅವರ ತಟ್ಟೆಗೆ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಒಂದೇ ಒಂದು ಸಲ ಹೋಗಿ ನೋಡಬೇಕೆಂದು ಅನಿಸುವುದಿಲ್ಲವೇ ಎಂದು ಕೇಳಿದರೆ ಅವರು ಸೋರೆಬುರುಡೆಯಿಂದ ಮುರ್ಸಿಕ್ ಮೊಸರನ್ನು ಬಗ್ಗಿಸಿ, ಗಂಡನ ಮುಂದಿಟ್ಟು, ಕೈ ಒರೆಸಿಕೊಳ್ಳುತ್ತಾರೆ.

"ಖಾಲಿ ಇದ್ದಾಗ ಅದನ್ನ ನೋಡಿದೋಳು ನಾನೊಬ್ಬಳೇ," ಎನ್ನುತ್ತಾರೆ. "ತುಂಬಿರೋದನ್ನ ಅವರು ನೋಡ್ಲಿ."